ಬಣ್ಣ ನೋಡಿ ದೋಣಿ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಕಾಲುವೆಗಳಲ್ಲಿ ‘ನ್ಯಾರೋಬೋಟ್’ ಎಂಬ ಉದ್ದನೆಯ ದೋಣಿಗಳಲ್ಲೇ ಸಂಸಾರ ಹೂಡಿರುವವರ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಮನೆ ಬಾಡಿಗೆ ಉಳಿಯುತ್ತದೆ ಎಂಬುದನ್ನೇ ಎತ್ತಿ ಹಿಡಿದು, ದೋಣಿಯನ್ನು ನೋಡಿಕೊಳ್ಳುವುದರ ಬಗ್ಗೆ ಒಂದು ಸಾಲೂ ಬರೆಯದೆ ಬಿಟ್ಟದ್ದು ಸರಿಯಲ್ಲ. ನಮ್ಮ ಜಿಲ್ಲೆಯಿಂದ ಓದಿಗೆ, ಕೆಲಸಕ್ಕೆ ಅಂತ ಹೋದ ಹುಡುಗರಲ್ಲಿ ಕೆಲವರಿಗೆ ಈಗ ಹಳೇ ದೋಣಿ ಕೊಳ್ಳುವ ಆಸೆ ಹುಟ್ಟಿದೆ. ದುಡ್ಡು ಮಾತ್ರ ಇಲ್ಲಿಂದಲೇ, ಕಾಫಿ ಮೆಣಸು ಮಾರಿ ಹೋಗಬೇಕು. ಲೇಖನ ಓದಿದ ಸಕಲೇಶಪುರದ ಬಂಧುಗಳೊಬ್ಬರು ಅಂದೇ ಫೋನ್ ಮಾಡಿ, ‘ಮಗ ದೋಣಿ ಕೊಳ್ತಾನಂತೆ, ಕಳಿಸಲಾ?’ ಎಂದು ಕೇಳಿದರು. ಅವರಂಥವರಿಗಾಗಿ ಈ ಪತ್ರ.

ನಾನು ಹಾಸನದಲ್ಲಿ ಪಂಪ್‌ಸೆಟ್, ಟಿಲ್ಲರ್ ಎಂಜಿನ್ ರಿಪೇರಿ ಮಾಡಿ ಜೀವನ ನಡೆಸಿದವನು. ಮಗಳು, ಅಳಿಯ ಇಂಗ್ಲೆಂಡಿನ ವೂಸ್ಟರ್ ಹತ್ತಿರ ಇದ್ದಾರೆ. ಅವರದೊಂದು ದೋಣಿ ಇದೆ. ಅಲ್ಲಿಗೆ ಹೋದಾಗಲೆಲ್ಲ ಅದರ ಎಂಜಿನ್ ಕೋಣೆ ನನ್ನದೇ ಜವಾಬ್ದಾರಿ.

ದೋಣಿಯ ಆಯಸ್ಸು ಇರುವುದು ನೀರಿನ ಕೆಳಗಿನ ಸ್ಟೀಲ್ ಪ್ಲೇಟಿನಲ್ಲಿ. ಈಚಿನ ದೋಣಿಗಳಲ್ಲಿ ಸಾಮಾನ್ಯವಾಗಿ ತಳಕ್ಕೆ 10 ಮಿ.ಮೀ., ಪಕ್ಕಕ್ಕೆ 6 ಮಿ.ಮೀ. ದಪ್ಪದ ಪ್ಲೇಟ್ ಹಾಕಿರುತ್ತಾರೆ. ತುಕ್ಕು ಅದನ್ನು ಸಮನಾಗಿ ತಿನ್ನುವುದಿಲ್ಲ, ಅಲ್ಲಲ್ಲಿ ಗುಳಿ ಬೀಳಿಸುತ್ತದೆ. ಗಾಳಿ ನೀರು ಎರಡೂ ತಾಗುವ ಗೆರೆಯಲ್ಲಿ ಹಾವಳಿ ಹೆಚ್ಚು. ಮೇಲಿನ ಗುಲಾಬಿ ಹೂವಿನ ಚಿತ್ತಾರ, ಒಳಗಿನ ಮರಗೆಲಸ ನೋಡಿ ಮರುಳಾದವರಿಗೆ ಇದು ಕಾಣುವುದೇ ಇಲ್ಲ. ಕೊಳ್ಳುವ ಮುಂಚೆ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ನೀವೇ ಗೊತ್ತು ಮಾಡಿದ, ದೋಣಿ ಪರೀಕ್ಷಿಸುವ ಸರ್ವೇಯರ್‌ನಿಂದ ಅಲ್ಟ್ರಾಸೌಂಡ್ ಯಂತ್ರದಲ್ಲಿ ಪ್ಲೇಟಿನ ದಪ್ಪ ಅಳೆಸಲೇಬೇಕು. ಮಾರುವವನು ಕೊಡುವ ಹಳೇ ವರದಿಯನ್ನು ನೆಚ್ಚಿಕೊಳ್ಳಬೇಡಿ. 4 ಮಿ.ಮೀ.ಗಿಂತ ತೆಳುವಾಗಿದ್ದರೆ ಅನೇಕ ವಿಮಾ ಕಂಪನಿಗಳು ತಕರಾರು ತೆಗೆಯುತ್ತವೆ. ಮೇಲೆ ಬೇರೆ ಪ್ಲೇಟ್ ಬೆಸುಗೆ ಹಾಕಿಸಬೇಕಾಗುತ್ತದೆ, ಅದು ಸಣ್ಣ ಖರ್ಚಲ್ಲ.

ಕೊಂಡ ಮೇಲೆ ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ಮೇಲೆತ್ತಿ ತೊಳೆದು ತುಕ್ಕು ತಡೆಯುವ ಕಪ್ಪು ಬಿಟುಮೆನ್ (ಡಾಂಬರಿನಂಥ ಬಣ್ಣ) ಬಳಿಸಬೇಕು. ಹೊರಮೈಗೆ ಬೆಸುಗೆ ಹಾಕಿರುವ ಮೆಗ್ನೀಸಿಯಂ ಗಟ್ಟಿಗಳು ಎಷ್ಟು ಸವೆದಿವೆ ಎಂದು ಆಗಲೇ ನೋಡಿಬಿಡಿ. ಪ್ಲೇಟಿನ ಬದಲು ತಾವು ಕರಗುವುದೇ ಅವುಗಳ ಕೆಲಸ. ದಡದಿಂದ ಕರೆಂಟ್ ಎಳೆದುಕೊಳ್ಳುವವರು ಅರ್ತ್ ತಂತಿಯಲ್ಲಿ ಹರಿದು ಲೋಹ ತಿನ್ನುವ ಸಣ್ಣ ಕರೆಂಟನ್ನು ತಡೆಯುವ ‘ಗ್ಯಾಲ್ವಾನಿಕ್ ಐಸೊಲೇಟರ್’ ಹಾಕಿಸದಿದ್ದರೆ ಈ ಗಟ್ಟಿಗಳು ಬೇಗ ಮುಗಿದು, ಆಮೇಲೆ ಪ್ಲೇಟಿನ ಸರದಿ ಬರುತ್ತದೆ.

ಇನ್ನು ಎಂಜಿನ್ ಕೋಣೆ. ಪ್ರೊಪೆಲ್ಲರ್ ಶಾಫ್ಟ್ ಹೊರಕ್ಕೆ ಹೋಗುವ ಕಡೆ ನೀರು ಒಳಬರದಂತೆ ತಡೆಯುವ ಒಂದು ಗ್ಲ್ಯಾಂಡ್ ಇದೆ. ನಮ್ಮ ಕೆರೆ ದಂಡೆಯ ಸೆಂಟ್ರಿಫ್ಯೂಗಲ್ ಪಂಪಿನದ್ದರ ಹಾಗೇ: ಒಳಗೆ ರೋಪ್ ಪ್ಯಾಕಿಂಗ್, ಅದನ್ನು ಅದುಮಲು ಎರಡು ನಟ್. ಓಡುವಾಗ ಹನಿ ತೊಟ್ಟಿಕ್ಕಿದರೆ ಗಾಬರಿ ಬೇಡ. ದಿನದ ಓಡಾಟ ಮುಗಿಸಿ ಎಂಜಿನ್ ನಿಲ್ಲಿಸಿದ ಮೇಲೆ ಗ್ಲ್ಯಾಂಡಿಗೆ ಗ್ರೀಸ್ ಒತ್ತುವ ಗ್ರೀಸರ್‌ನ ಹಿಡಿಯನ್ನು ಬಿಗಿ ಸಿಗುವ ತನಕ ತಿರುಗಿಸಿ, ಹನಿ ನಿಲ್ಲಬೇಕು. ನಿಲ್ಲದಿದ್ದರೆ ಎರಡೂ ನಟ್‌ಗಳನ್ನು ಸಮನಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಏಟಿಗೆ ಬಿಗಿದರೆ ಶಾಫ್ಟ್ ಕಾದು ಸವೆಯುತ್ತದೆ. ಈ ಒಂದು ನಿಮಿಷದ ಕೆಲಸಕ್ಕೆ ಸೋಮಾರಿತನ ಮಾಡಿ ವಾರಗಟ್ಟಲೆ ದೋಣಿ ಬಿಟ್ಟುಹೋದರೆ ತಳದಲ್ಲಿ ನೀರು ತುಂಬುತ್ತಾ ಹೋಗುತ್ತದೆ. ಬ್ಯಾಟರಿ ಇಳಿದ ದಿನ ನೀರೆತ್ತುವ ಪಂಪೂ ನಿಲ್ಲುತ್ತದೆ.

ಗ್ಲ್ಯಾಂಡಿನ ಹಿಂದೆಯೇ ‘ವೀಡ್ ಹ್ಯಾಚ್’ ಎಂಬ ಮುಚ್ಚಳ. ಪ್ರೊಪೆಲ್ಲರಿಗೆ ಪ್ಲಾಸ್ಟಿಕ್ಕು, ಬಟ್ಟೆ, ತಂತಿ ಸುತ್ತಿಕೊಂಡಾಗ ಇದನ್ನು ತೆಗೆದು ತಣ್ಣೀರಿನಲ್ಲಿ ಕೈಯಿಟ್ಟು ಕತ್ತರಿಸಿ ಬಿಡಿಸಬೇಕು. ಎಂಜಿನ್ ನಿಲ್ಲಿಸಿ, ಬೀಗದ ಕೈ ಜೇಬಿಗೆ ಹಾಕಿಕೊಂಡ ಮೇಲೆಯೇ ಕೈ ಇಳಿಸಿ. ಅಳಿಯ ಆ ಕೆಲಸಕ್ಕೆ ಕೂತಾಗ ನಾನು ಕೀ ಇಸಿದುಕೊಂಡು ದಡಕ್ಕೆ ಹೋಗಿ ನಿಲ್ಲುತ್ತೇನೆ. ಮುಗಿದ ಮೇಲೆ ಮುಚ್ಚಳ ಸರಿಯಾಗಿ ಕೂತು ಬಿಗಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡಿ. ಸಡಿಲವಿದ್ದರೆ, ಗೇರ್ ಹಾಕಿದ ಕೂಡಲೇ ಪ್ರೊಪೆಲ್ಲರ್ ನೀರನ್ನು ಒಳಕ್ಕೆ ಚಿಮ್ಮಿಸುತ್ತದೆ. ಹೀಗೇ ಮುಳುಗಿದ ದೋಣಿಗಳಿವೆ.

ಚಳಿಗಾಲದಲ್ಲಿ ಡೀಸೆಲ್ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗದಲ್ಲಿ ತೇವ ಹನಿಗಟ್ಟಿ ಡೀಸೆಲಿಗೆ ನೀರು ಬೆರೆಯುತ್ತದೆ. ದೋಣಿ ಬಿಟ್ಟು ಬರುವುದಾದರೆ ಕುಡಿಯುವ ನೀರಿನ ಪೈಪುಗಳನ್ನೂ ಬರಿದು ಮಾಡಿ, ಹೆಪ್ಪುಗಟ್ಟಿದರೆ ಒಡೆಯುತ್ತವೆ.

ಹೆತ್ತವರಿಗೆ ಮುಖ್ಯವಾಗಿ ಹೇಳಬೇಕಾದದ್ದು ಒಲೆಯ ವಿಷಯ. ಈ ದೋಣಿಗಳಲ್ಲಿ ಕಲ್ಲಿದ್ದಲು, ಸೌದೆ ಉರಿಸುವ ಒಲೆ ಇರುತ್ತದೆ. ಚಳಿಗೆ ಹೆದರಿ ಗಾಳಿಕಂಡಿಗಳಿಗೆ ಬಟ್ಟೆ ತುರುಕುವವರಿದ್ದಾರೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ. 2019ರಿಂದ ಅಲ್ಲಿನ ದೋಣಿ ಸುರಕ್ಷತಾ ನಿಯಮದಲ್ಲಿ ಅದರ ಅಲಾರಂ ಸೇರಿಸಿದ್ದಾರೆ. ಅಲಾರಂ ಇದೆಯೇ, ಬಟನ್ ಒತ್ತಿದರೆ ಕೂಗುತ್ತದೆಯೇ ಎಂದು ಮಗನನ್ನು ಫೋನಿನಲ್ಲೇ ಕೇಳಿ, ಶಬ್ದ ಕೇಳಿಸಿಕೊಳ್ಳಿ.

ದೋಣಿ ನಡೆಸುವುದು ಕಷ್ಟವಲ್ಲ. ಗಂಟೆಗೆ 4 ಮೈಲಿ ಮಿತಿ, ಎದುರು ದೋಣಿ ಬಂದರೆ ನಾವು ನಮ್ಮ ಬಲಕ್ಕೆ ಸರಿಯಬೇಕು, ಕಟ್ಟಿರುವ ದೋಣಿಗಳ ಪಕ್ಕ ಇನ್ನೂ ನಿಧಾನ. ಅಪಾಯವಿರುವುದು ನೀರಿನ ಮಟ್ಟ ಏರಿಸಿ ಇಳಿಸುವ ‘ಲಾಕ್’ಗಳಲ್ಲಿ. ವೂಸ್ಟರ್–ಬರ್ಮಿಂಗ್‌ಹ್ಯಾಂ ಕಾಲುವೆಯ ಟಾರ್ಡಬಿಗ್‌ನಲ್ಲಿ ಸಾಲಾಗಿ 30 ಲಾಕ್‌ಗಳಿವೆ, ದಾಟುವಷ್ಟರಲ್ಲಿ ತೋಳು ಸೋಲುತ್ತದೆ. ಇಳಿಯುವಾಗ ಮೇಲಿನ ಗೇಟಿನ ಬುಡದಲ್ಲಿ ‘ಸಿಲ್’ ಎಂಬ ಕಟ್ಟೆ ನೀರಿನಡಿ ಅಡಗಿರುತ್ತದೆ. ಗೋಡೆಯ ಮೇಲೆ ಬಿಳಿ ಗುರುತಿರುತ್ತದೆ, ದೋಣಿಯ ಹಿಂಭಾಗ ಅದರಿಂದ ಮುಂದೆಯೇ ಇರಬೇಕು. ಹಿಂಭಾಗ ಕಟ್ಟೆಯ ಮೇಲೆ ಕೂತರೆ ಮುಂಭಾಗ ಇಳಿಯುತ್ತಾ ಹೋಗಿ ದೋಣಿ ನೀರು ಕುಡಿಯುತ್ತದೆ. ಹಾಗೇನಾದರೂ ಸಿಕ್ಕಿಕೊಂಡರೆ ಮೊದಲು ಕೆಳಗಿನ ತೂಬುಗಳನ್ನು ಮುಚ್ಚಿ, ಆಮೇಲೆ ಮೇಲಿನಿಂದ ನಿಧಾನವಾಗಿ ನೀರು ಬಿಡಿ. ಲಾಕ್‌ನಲ್ಲಿ ಹಗ್ಗವನ್ನು ಗಂಟು ಹಾಕಿ ಕಟ್ಟಲೇಬಾರದು. ಕಂಬಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಕೈಯಲ್ಲೇ ಹಿಡಿದಿರಿ.

ಬಾಡಿಗೆ ಉಳಿತಾಯದ ಲೆಕ್ಕಕ್ಕೆ ಬಂದರೆ, ಖಾಯಂ ತಂಗುದಾಣ ಇಲ್ಲದವರು ಅಲ್ಲಿನ 1995ರ ಜಲಮಾರ್ಗ ಕಾಯ್ದೆಯಂತೆ ಒಂದೇ ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಮುಂದೆ ಸಾಗುತ್ತಿರಬೇಕು. ನಿತ್ಯ ಒಂದೇ ಕಚೇರಿಗೆ ಹೋಗುವ ಹುಡುಗನಿಗೆ ಇದು ತ್ರಾಸ. ತಂಗುದಾಣ ಬೇಕೆಂದರೆ ಅದಕ್ಕೆ ಬೇರೆ ಬಾಡಿಗೆ. ಪರವಾನಗಿ, ವಿಮೆ, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ಪ್ರಮಾಣಪತ್ರ ಇವೆಲ್ಲ ಸೇರಿದ ಮೇಲೆ ಉಳಿಯುವುದೆಷ್ಟು ಎಂದು ಕಾಗದದ ಮೇಲೆ ಬರೆಸಿ ನೋಡಿ.

ಸಕಲೇಶಪುರದ ಬಂಧುಗಳಿಗೂ ಇದನ್ನೇ ಹೇಳಿದೆ: ಪ್ಲೇಟಿನ ದಪ್ಪದ ಹೊಸ ವರದಿ, ಚಾಲ್ತಿಯಲ್ಲಿರುವ ಸುರಕ್ಷತಾ ಪ್ರಮಾಣಪತ್ರ, ಕೊನೆಯ ಸಲ ಬಿಟುಮೆನ್ ಬಳಿಸಿದ ರಸೀದಿ, ಈ ಮೂರೂ ಮಗನ ಕೈಸೇರುವವರೆಗೆ ಸರ್ವೇಯರ್ ಶುಲ್ಕ ಒಂದನ್ನು ಬಿಟ್ಟು ಬೇರೆ ಹಣ ಕಳಿಸಬೇಡಿ.

– ನಿವೃತ್ತ ಪಂಪ್‌ಸೆಟ್ ಮೆಕ್ಯಾನಿಕ್, ಹಾಸನ