ಎಫ್‌ಪಿಪಿಸಿಎ ಎಂಬ ಆ ಒಂದು ಸಾಲು: ಇಂಧನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ ನಮಸ್ಕಾರಗಳು.

ಮೀಟರ್ ರೀಡರ್ ಹರಿದುಕೊಡುವ ಕರೆಂಟ್ ಬಿಲ್ಲಿನಲ್ಲಿ ಎಫ್‌ಪಿಪಿಸಿಎ ಎಂದೊಂದು ಸಾಲಿದೆ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ. ಒಂದು ತಿಂಗಳು ಒಂದು ಮೊತ್ತ, ಮರುತಿಂಗಳು ಇನ್ನೊಂದು. ಯಾವ ತಿಂಗಳ ಖರೀದಿಗೆ, ಯಾಕೆ, ಅದು ಮಾತ್ರ ಇಲ್ಲ. ಅದನ್ನು ಬಿಲ್ಲಿನಲ್ಲೇ ಬರೆಸಿ.

ಹೊಂದಾಣಿಕೆಯೇ ತಪ್ಪೆಂದು ಜಗಳವಿಲ್ಲ. ದರ ನಿಗದಿ ಮಾಡುವಾಗ ವಿದ್ಯುತ್ ನಿಯಂತ್ರಣ ಆಯೋಗ ವರ್ಷದ ಖರೀದಿಗೆ ಒಂದು ಅಂದಾಜು ಇಟ್ಟುಕೊಳ್ಳುತ್ತದೆ. ಮಳೆ ಕೈಕೊಟ್ಟು ಲಿಂಗನಮಕ್ಕಿ, ಸೂಪಾ ತುಂಬದಿದ್ದರೆ ಅಗ್ಗದ ಜಲವಿದ್ಯುತ್ತಿನ ಜಾಗಕ್ಕೆ ಕಲ್ಲಿದ್ದಲಿನದ್ದು ಬರುತ್ತದೆ, ಅದೂ ಸಾಲದಿದ್ದರೆ ಕರೆಂಟಿನ ಸಂತೆಯಾದ ವಿದ್ಯುತ್ ವಿನಿಮಯ ಕೇಂದ್ರದ್ದು. ಹಗಲಿಗೆ ಪಾವಗಡದ ಸೋಲಾರ್ ಇದೆ. ಹೊತ್ತು ಮುಳುಗಿದ ಮೇಲೆ ವಿನಿಮಯ ಕೇಂದ್ರದಲ್ಲಿ ಯೂನಿಟ್ ಬೆಲೆ 10 ರೂಪಾಯಿಯ ಗರಿಷ್ಠ ಮಿತಿ ಮುಟ್ಟುವುದೂ ಉಂಟು. ಮಳೆಗಾಲದಲ್ಲಿ ರಾಯಚೂರು, ಬಳ್ಳಾರಿಯ ಘಟಕಗಳ ಉತ್ಪಾದನೆ ತಗ್ಗಿಸಿದರೂ ಅವುಗಳ ಸ್ಥಿರ ವೆಚ್ಚ ತಪ್ಪುವುದಿಲ್ಲ. ಅಂದಾಜಿಗೂ ಅಸಲು ಖರ್ಚಿಗೂ ಇರುವ ವ್ಯತ್ಯಾಸವನ್ನು ಮಾರಿದ ಯೂನಿಟ್ಟುಗಳ ಮೇಲೆ ಹಂಚಿ ಪೈಸೆ ಲೆಕ್ಕ ತೆಗೆಯುತ್ತಾರೆ. ಇದೆಲ್ಲ ತಮಗೆ ಗೊತ್ತಿರುವುದೇ.

ಹೊರೆ ಬೀಳುವುದು ಎರಡು ತಿಂಗಳು ತಡವಾಗಿ. ಮೇ ತಿಂಗಳ ಖರೀದಿ, ಜುಲೈ ಬಿಲ್ಲು. ಮೇನಲ್ಲಿ ಹಗಲೂರಾತ್ರಿ ಎಸಿ ಓಡಿಸಿದ ಕಲ್ಯಾಣ ಮಂಟಪ ಆಷಾಢಕ್ಕೆ ಬೀಗ ಹಾಕಿಕೊಂಡಿರುತ್ತದೆ. ಅದರ ಪಾಲನ್ನೂ ಆಷಾಢದಲ್ಲಿ ತಿರುಗುವ ಹಿಟ್ಟಿನ ಗಿರಣಿ ಕಟ್ಟುತ್ತದೆ. ಯೂನಿಟ್ಟಿಗೆ 40 ಪೈಸೆ ಎಂದುಕೊಂಡರೂ 250 ಯೂನಿಟ್ಟಿನ ಮನೆಗೆ 100 ರೂಪಾಯಿ. ಯಾವ ತಿಂಗಳದ್ದೆಂದು ಬರೆಯದಿದ್ದರೆ ಆ ಮನೆಯವರು ಮೀಟರ್ ಕೆಟ್ಟಿದೆ ಎಂದುಕೊಂಡು ಉಪವಿಭಾಗದ ಕಚೇರಿ ಬಾಗಿಲಲ್ಲಿ ನಿಲ್ಲುತ್ತಾರೆ. ಮೀಟರ್ ಸರಿಯಾಗಿಯೇ ಇರುತ್ತದೆ.

2023ರ ಜೂನ್ ನೆನಪಿಸಿಕೊಳ್ಳಿ. ಆಯೋಗದ ಮೇ 12ರ ಆದೇಶದಲ್ಲಿ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಕೆ, ಅದೂ ಏಪ್ರಿಲ್ 1ರಿಂದಲೇ ಪೂರ್ವಾನ್ವಯ. ಹಿಂಬಾಕಿ, ಹೊಸ ದರ, ಎಫ್‌ಪಿಪಿಸಿಎ ಮೂರೂ ಒಂದೇ ಚೀಟಿಯಲ್ಲಿ ಬಂದವು. ಕೇಳಿದರೆ ಒಬ್ಬರು ಹಿಂದಿನ ಸರ್ಕಾರದತ್ತ ಬೆರಳು ತೋರಿಸಿದರು, ಇನ್ನೊಬ್ಬರು ಆಯೋಗದತ್ತ. ದುಡ್ಡು ಕಟ್ಟುವವನ ಕಡೆಗೆ ಮಾತ್ರ ಎಲ್ಲರ ಬೆರಳೂ ಸರಿಯಾಗಿಯೇ ತಿರುಗಿತು.

2022ರ ಡಿಸೆಂಬರಿನಲ್ಲಿ ಕೇಂದ್ರ ತಿದ್ದಿದ ವಿದ್ಯುತ್ ನಿಯಮಗಳು, ಈ ಲೆಕ್ಕವನ್ನು ಸಕಾಲಕ್ಕೆ ಹಾಕಿ ವಸೂಲು ಮಾಡದ ವಿದ್ಯುತ್ ವಿತರಣಾ ಕಂಪನಿ ಆ ಹಕ್ಕನ್ನೇ ಕಳೆದುಕೊಳ್ಳುತ್ತದೆ ಎನ್ನುತ್ತವೆ. ಬಿಲ್ಲು ಕಟ್ಟುವುದು ತಡವಾದರೆ ಗ್ರಾಹಕನಿಗೆ ಬಡ್ಡಿ ಇದೆ, ಫ್ಯೂಸ್ ಕೀಳುವುದಿದೆ. ಕಂಪನಿಯ ಗಡುವನ್ನು ಗ್ರಾಹಕ ನೋಡಬೇಡವೇ? ತಿಂಗಳೇ ಬರೆಯದ ಬಿಲ್ಲಿನಲ್ಲಿ ಏನೆಂದು ನೋಡಲಿ? ಖರ್ಚು ಇಳಿದ ತಿಂಗಳು ಮೈನಸ್ ಪೂರ್ತಿ ಬಂತೋ ಇಲ್ಲವೋ, ಅದೂ ಕತ್ತಲೆಯೇ.

ಆದೇಶ ಜಾಲತಾಣದಲ್ಲಿದೆ ಎನ್ನಬೇಡಿ ಸ್ವಾಮಿ. ನೂರಾರು ಪುಟದ ಪಿಡಿಎಫ್ ತೆಗೆದು ಕೂರಲು ಗಿರಣಿಯವನಿಗೆ ಪುರುಸೊತ್ತಿಲ್ಲ. ಬಿಲ್ಲಿನಲ್ಲಿ ಬರೆಸಿ. ಚೀಟಿಯಲ್ಲಿ ಜಾಗವಿಲ್ಲ ಎಂದೂ ಅನ್ನಬೇಡಿ. ಒಂದೇ ಸಾಲು: ‘ಮೇ ಖರೀದಿ, ಅಂದಾಜು ಇಷ್ಟು, ಅಸಲು ಇಷ್ಟು, ಯೂನಿಟ್ಟಿಗೆ ವ್ಯತ್ಯಾಸ ಇಷ್ಟು ಪೈಸೆ.’ ಮುಂದಿನ ತಿಂಗಳಿನಿಂದಲೇ.

ಇತಿ,
ತಮ್ಮ ಇಲಾಖೆಯ ಪಾಲಿಗೆ ಬರೀ ಒಂದು ಆರ್‌ಆರ್ ನಂಬರ್