ನಮ್ಮ ಡ್ರೋನ್ ಹಾರಿಸ್ತಿರೋ ಎಲ್ರಿಗೂ ಒಂದು ಪತ್ರ

ನಮಸ್ಕಾರ,

ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ. ಬೆಳೆಗೆ ಔಷಧಿ ಹೊಡೆಯೋ ಡ್ರೋನ್, ಸರ್ವೆ ಡ್ರೋನ್, ಸೇತುವೆ ಚೆಕ್ ಮಾಡೋ ಡ್ರೋನ್, ಈ ಮೂರನ್ನೂ ನಾವು ಹೊಸದಾಗಿ ಮಾಡೋದು ನಿಲ್ಲಿಸ್ತಿದೀವಿ. ಇನ್ಮೇಲೆ ನಮ್ಮ ಕೆಲಸ ಪೂರ್ತಿ ಸೈನ್ಯಕ್ಕೆ ಬೇಕಾದ ಕಣ್ಗಾವಲು ಡ್ರೋನ್ ಕಡೆಗೆ. ಇದು ಬೇರೆ ಯಾರ ಬಾಯಿಂದಾನೋ ನಿಮ್ಗೆ ಗೊತ್ತಾಗೋದು ಬೇಡ ಅಂತ ನಾನೇ ಬರೀತಿದೀನಿ.

ದುಡ್ಡಿನ ಕಾರಣ ಇದೆ, ಮುಚ್ಚಿಡಲ್ಲ. ಮೋಟಾರ್, ಕ್ಯಾಮೆರಾ, ರೇಡಿಯೋ ಎಲ್ಲಾ ತಾವೇ ಮಾಡ್ಕೊಳ್ಳೋ ಚೀನಾದ ಡಿಜೆಐ ಥರದ ದೊಡ್ಡ ಡ್ರೋನ್ ಕಂಪನಿ ಮುಂದೆ, ಬಿಡಿಭಾಗ ಹೊರಗಿಂದ ತಂದು ಜೋಡಿಸೋ ನಮ್ಮಂಥ ಸಣ್ಣ ಟೀಮ್ ರೇಟಲ್ಲಿ ನಿಲ್ಲೋಕಾಗಲ್ಲ. ನಮಗಿಂತ ಎಷ್ಟೋ ದೊಡ್ಡದಾದ ಅಮೆರಿಕದ ಸ್ಕೈಡಿಯೋನೇ 2023ರಲ್ಲಿ ಸಾಮಾನ್ಯ ಗ್ರಾಹಕರಿಗೆ ಡ್ರೋನ್ ಮಾರೋದು ಬಿಟ್ಬಿಡ್ತು.

ಆದ್ರೆ ಬರೀ ದುಡ್ಡಾಗಿದ್ರೆ ಇನ್ನೂ ಸ್ವಲ್ಪ ದಿನ ಹಲ್ಲು ಕಚ್ಕೊಂಡು ಇರ್ತಿದ್ವಿ. ನಿಜವಾದ ವಿಷ್ಯ ಇನ್ನೊಂದು. ನಿಮ್ಮಲ್ಲಿ ಸೇತುವೆ ಕೆಲಸ ಮಾಡೋರು, ಕೆಳಗೆ ಹೋದ ತಕ್ಷಣ ಜಿಪಿಎಸ್ ಹೋಗ್ಬಿಡುತ್ತೆ, ಡ್ರೋನ್ ತೇಲಾಡ್ಕೊಂಡು ಕಂಬಕ್ಕೆ ಹೊಡೀತಿದೆ ಅಂತ ಹೇಳಿದ್ರಲ್ಲ, ಅದಕ್ಕೋಸ್ಕರ ನಾವು ಕ್ಯಾಮೆರಾದಲ್ಲಿ ಕಾಣೋ ಬಿರುಕು, ಕಲೆ, ಅಂಚು ಇವನ್ನೇ ಗುರುತಿಟ್ಕೊಂಡು ಹಾರೋ ಸಿಸ್ಟಮ್ ಮಾಡಿದ್ವಿ, ನೀವು ಕಳಿಸಿದ ಒಂದೊಂದು ಕ್ರ್ಯಾಶ್ ರಿಪೋರ್ಟ್ ಕೂತ್ಕೊಂಡು ನೋಡಿ ನೋಡಿ ಸರಿ ಮಾಡಿದ್ದು ಅದು. ಜಿಪಿಎಸ್ ಸಿಗ್ನಲ್ ಸುಮಾರು 20,000 ಕಿಲೋಮೀಟರ್ ಮೇಲಿಂದ ಬರೋದು, ನೆಲಕ್ಕೆ ಮುಟ್ಟೋ ಹೊತ್ತಿಗೆ ತೀರಾ ವೀಕ್ ಆಗಿರುತ್ತೆ, ಅದನ್ನ ಜಾಮ್ ಮಾಡೋದು, ಅಂದ್ರೆ ಬೇರೆ ಸಿಗ್ನಲ್ ಬಿಟ್ಟು ಅಡ್ಡಗಟ್ಟೋದು, ಕಷ್ಟ ಅಲ್ಲ. ಉಕ್ರೇನ್ ಯುದ್ಧದಲ್ಲಿ ಎರಡೂ ಕಡೆಯವರು ಎಷ್ಟು ಜಾಮ್ ಮಾಡ್ತಿದಾರೆ ಅಂದ್ರೆ ರೇಡಿಯೋನೇ ನಂಬದೆ ಡ್ರೋನ್ ಹಿಂದೆ ಆಪ್ಟಿಕಲ್ ಫೈಬರ್ ಅನ್ನೋ ತೆಳ್ಳನೆ ಎಳೆ ಬಿಟ್ಕೊಂಡು ಹಾರಿಸೋ ತನಕ ಬಂತು. ಹಂಗಾಗಿ ಸೇತುವೆ ಕೆಳಗಿನ ನಿಮ್ಮ ಸಮಸ್ಯೆ, ಗಡಿ ಕಾಯೋರ ಸಮಸ್ಯೆ, ಎರಡೂ ಒಂದೇ ಆಗೋಯ್ತು. ಸೈನ್ಯದೋರು ಬಂದು ನಮ್ಮ ಸಿಸ್ಟಮ್ ಕೇಳಿದ್ರು.

ನಿಮ್ಮ ಜೊತೆ ಕೂತು ಕಲಿತಿದ್ದು ಈಗ ಅಲ್ಲಿಗೆ ಹೋಗ್ತಿದೆ. ಇದು ನಿಮ್ಮಲ್ಲಿ ಕೆಲವರಿಗೆ ಬೇಜಾರು ತರಿಸಬಹುದು, ಅದು ತಪ್ಪು ಅಂತ ನಾನು ಅನ್ನಲ್ಲ. ನಮ್ಮ ಟೀಮಲ್ಲೇ ತಿಂಗಳುಗಟ್ಟಲೆ ಜಗಳ ಆಯ್ತು. ಬಾಂಬ್ ಬೀಳಿಸೋ ಡ್ರೋನ್ ಮಾಡಲ್ಲ, ನೋಡೋ ಡ್ರೋನ್ ಮಾತ್ರ ಅಂತ ಬರೆದಿಟ್ಕೊಂಡಿದೀವಿ, ಆದ್ರೆ ನೋಡಿದ್ಮೇಲೆ ಇನ್ಯಾರೋ ಗುಂಡು ಹೊಡೀತಾರೆ ಅನ್ನೋದೂ ಗೊತ್ತು. ತನ್ನ ಊರು ಕಾಯೋಕೆ ನಿಂತಿರೋನಿಗೆ ಮುಂದೆ ಏನಿದೆ ಅಂತ ಕಾಣಬೇಕು ಅನ್ನೋದು ನನ್ನ ನಂಬಿಕೆ, ಅದರ ಮೇಲೆ ಈ ತೀರ್ಮಾನ ತಗೊಂಡೆ.

ಎರಡೂ ಒಟ್ಟಿಗೆ ಯಾಕೆ ಮಾಡಬಾರದು ಅಂತ ತುಂಬಾ ಜನ ಕೇಳ್ತಾರೆ. ಸೈನ್ಯಕ್ಕೆ ಕೊಡೋ ಕೋಡ್, ರೇಡಿಯೋ ಇವೆಲ್ಲ ರಫ್ತು ನಿಯಂತ್ರಣದ (ಇಂಥ ತಂತ್ರಜ್ಞಾನ ಹೊರದೇಶಕ್ಕೆ ಹೋಗದಂಗೆ ತಡೆಯೋ ಕಾನೂನು) ಕೆಳಗೆ ಬರುತ್ತೆ, ಅದೇ ಕೋಡನ್ನ ಅಪ್‌ಡೇಟ್ ಅಂತ ನಿಮ್ಮ ಡ್ರೋನಿಗೆ ಕಳಿಸೋಕಾಗಲ್ಲ, ಎರಡು ಬೇರೆ ಬೇರೆ ಫರ್ಮ್‌ವೇರ್ (ಡ್ರೋನ್ ಒಳಗೆ ಓಡೋ ಸಾಫ್ಟ್‌ವೇರ್) ನೋಡ್ಕೊಳ್ಳೋಷ್ಟು ಜನ ನಮ್ಮಲ್ಲಿಲ್ಲ. ಇನ್ನೊಂದು ಭಯ, 2022ರ ಏಪ್ರಿಲ್‌ನಲ್ಲಿ ಡಿಜೆಐ ರಷ್ಯಾ ಉಕ್ರೇನ್ ಎರಡೂ ಕಡೆ ವ್ಯಾಪಾರ ನಿಲ್ಲಿಸಿದ್ರೂ ಅವರ ಡ್ರೋನ್ ಯಾರ್ಯಾರ ಕೈ ದಾಟ್ಕೊಂಡೋ ಯುದ್ಧಕ್ಕೆ ಹೋಗ್ತಾನೇ ಇತ್ತು. ಅಂಗಡಿಗೆ ಬಿಟ್ಟ ಮಾಲು ಎಲ್ಲಿಗೆ ಹೋಗುತ್ತೆ ಅಂತ ಯಾರೂ ಹಿಡಿದಿಡೋಕಾಗಲ್ಲ.

ಈಗ ನಿಮ್ಮ ಹತ್ರ ಇರೋ ಡ್ರೋನ್ ಕಥೆ. ಕೊನೇ ಅಪ್‌ಡೇಟಲ್ಲಿ ಲಾಗಿನ್ ತೆಗೀತಿದೀವಿ, ಅದಾದ್ಮೇಲೆ ನಮ್ಮ ಸರ್ವರ್ ಇಲ್ದೇನೂ ಆ್ಯಪ್ ನಡೆಯುತ್ತೆ. ನಿಮ್ಮ ಮ್ಯಾಪ್, ಫೋಟೋ, ಫ್ಲೈಟ್ ಲಾಗ್ ಎಲ್ಲಾ ಡೌನ್‌ಲೋಡ್ ಮಾಡ್ಕೊಳ್ಳಿ, 6 ತಿಂಗಳಾದ್ಮೇಲೆ ಪೂರ್ತಿ ಅಳಿಸ್ತೀವಿ, ಅದ್ರಲ್ಲಿ ಒಂದು ಫೋಟೋನೂ ಹೊಸ ಕೆಲಸಕ್ಕೆ ಹೋಗಲ್ಲ, ಈ ಮಾತು ನಾನು ಕೊಡ್ತಿರೋದು. ಮೋಟಾರ್, ಪ್ರೊಪೆಲ್ಲರ್, ನಾಝಲ್, ಪಂಪ್ ಇವು 3 ವರ್ಷಕ್ಕೆ ಆಗೋಷ್ಟು ತೆಗೆದಿಟ್ಟಿದೀವಿ. ಬ್ಯಾಟರಿ ಮಾತ್ರ ಹಂಗೆ ಕೂಡಿಡೋಕಾಗಲ್ಲ, ಲಿಥಿಯಂ ಬ್ಯಾಟರಿ ಬಳಸದೆ ಇಟ್ರೂ ಹಳೇದಾಗುತ್ತೆ, ಅದಕ್ಕೆ ಪ್ಯಾಕ್ ಅಳತೆ, ಕನೆಕ್ಟರ್, ವೈರಿಂಗ್ ನಕ್ಷೆ ಎಲ್ಲಾ ಬಿಡುಗಡೆ ಮಾಡ್ತಿದೀವಿ, ಯಾವ ಒಳ್ಳೆ ಬ್ಯಾಟರಿ ಅಸೆಂಬಲ್ ಮಾಡೋರ ಹತ್ರ ಬೇಕಾದ್ರೂ ಮಾಡಿಸ್ಕೊಳ್ಳಿ. ಇರೋ ಬ್ಯಾಟರಿ ಹಾರಿಸ್ದೆ ಇಡೋದಾದ್ರೆ ಫುಲ್ ಚಾರ್ಜ್ ಮಾಡಿ ಇಡಬೇಡಿ, ಸೆಲ್ಲಿಗೆ 3.8 ವೋಲ್ಟ್ ಇರೋ ಹಂಗೆ ನೋಡ್ಕೊಂಡು ತಂಪಾದ ಕಡೆ ಇಡಿ, ಎಷ್ಟೋ ಬ್ಯಾಟರಿ ಊದ್ಕೊಂಡು ವಾಪಸ್ ಬಂದಿದ್ದು ಇದೊಂದೇ ಕಾರಣಕ್ಕೆ. ಅಡ್ವಾನ್ಸ್ ಕೊಟ್ಟಿರೋರಿಗೆ ಪೂರ್ತಿ ದುಡ್ಡು ವಾಪಸ್.

ಈ ತೀರ್ಮಾನ ಒಪ್ಪದೆ ನಮ್ಮ ಇಬ್ಬರು ಇಂಜಿನಿಯರ್‌ಗಳು ಕಂಪನಿ ಬಿಟ್ರು. ತುಂಬಾ ನೋವಾಯ್ತು. ಆದ್ರೆ ನಿಮ್ಮ ಡ್ರೋನ್‌ಗಳ ರಿಪೇರಿ ತಾವು ನೋಡ್ಕೋತೀವಿ, ಆ ಬಿಡಿಭಾಗ ಎಲ್ಲಾ ತಮ್ಗೆ ಕೊಟ್ಬಿಡಿ ಅಂತ ಅವರೇ ಕೇಳಿದ್ರು, ಟೆಸ್ಟ್ ಬೆಂಚ್ ಸಮೇತ ಕೊಟ್ಟಿದೀವಿ. ಇನ್ಮೇಲೆ ಸರ್ವಿಸ್ ನಂಬರಿಗೆ ಫೋನ್ ಮಾಡಿದ್ರೆ ಎತ್ತೋದು ಅವರು. ಫೋನ್ ಮಾಡೋ ಮುಂಚೆ ಡ್ರೋನ್ ಹೊಟ್ಟೆ ಕೆಳಗಿರೋ ಸೀರಿಯಲ್ ನಂಬರ್ ಬರ್ಕೊಂಡಿರಿ.