ಮಗಳಿಗೊಂದು ಪತ್ರ: ಚಾಪೆಯ ಮೇಲೆ ಉಳಿದ ಮಣಿಸರ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ. "ನನಗೆ ಮಾಡಿದ ಹಾಗೆ ನನ್ನ ಮಗಳಿಗೆ ಮಾಡಲ್ಲಮ್ಮ, ಆ ಥರದ ಮಾಂಟೆಸ್ಸರಿ ಶಾಲೆಯೇ ಬೇಡ" ಅಂದೆಯಲ್ಲ, ಆ ಮಾತು ಕಿವಿಯಲ್ಲೇ ಇದೆ. ಆಗ ನಾನು ರೇಗಿದೆ. ಆ ಶಾಲೆಯನ್ನು ಯಾರಾದರೂ ಅಂದರೆ ನನಗೆ ತಡೆಯುವುದಿಲ್ಲ. ಬೆಳಗಿನ ಜಾವಕ್ಕೆ ಅರ್ಥವಾಯಿತು, ನೀನು ಹೇಳಿದ್ದು ನನ್ನ ಬಗ್ಗೆ.

ಸಾವಿರ ಮಣಿಗಳ ಸರ ನೆನಪಿದೆ ಅಲ್ವಾ? ಹತ್ತತ್ತು ಮಣಿಗಳ ನೂರು ಕಡ್ಡಿಗಳನ್ನು ಕೊಂಡಿ ಹಾಕಿ ಜೋಡಿಸಿದ್ದು, ಚಿನ್ನದ ಬಣ್ಣ. ಬಿಡಿಸಿ ಹಾಕಿದರೆ ಈ ಗೋಡೆಯಿಂದ ಆ ಗೋಡೆಗೆ ಬರುತ್ತಿತ್ತು. ನೀನು ಮಂಡಿಯೂರಿ ಒಂದೊಂದೇ ಮಣಿಯನ್ನು ಬೆರಳಲ್ಲಿ ಮುಟ್ಟಿ ಎಣಿಸುತ್ತಿದ್ದೆ. ಹತ್ತು ಬಂದಾಗ ಪುಟ್ಟ ಚೀಟಿ, ನೂರು ಬಂದಾಗ ದೊಡ್ಡ ಚೀಟಿ. ಎಣಿಕೆ ತಪ್ಪಿದರೆ ಚೀಟಿ ಕಡ್ಡಿಯ ತುದಿಗೆ ಹೊಂದುತ್ತಿರಲಿಲ್ಲ. ಯಾರೂ "ತಪ್ಪು" ಅನ್ನಬೇಕಿರಲಿಲ್ಲ, ನೀನೇ ಹಿಂದಕ್ಕೆ ಹೋಗುತ್ತಿದ್ದೆ. ಅವತ್ತು ನಾನು ಕರೆಯಲು ಬಂದಾಗ 640 ಆಗಿತ್ತು. ಹೆಸರು ಬರೆದ ಚೀಟಿಯನ್ನು ಚಾಪೆಯ ಮೇಲಿಟ್ಟು, "ಇದನ್ನ ಯಾರೂ ತೆಗೆಯಲ್ಲ, ನಾಳೆ ಮುಂದುವರಿಸ್ತೀನಿ" ಅಂದೆ.

ಟಿಸಿ ನನ್ನ ಕೈಚೀಲದಲ್ಲಿತ್ತು. ನಿನಗೆ ಹೇಳಿರಲಿಲ್ಲ.

ಹೊಸ ಶಾಲೆಯ ಮೊದಲ ತಿಂಗಳ ಬಗ್ಗೆ ಬರೆಯುವುದಿಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು.

ನಿನ್ನನ್ನು ಆ ಮಾಂಟೆಸ್ಸರಿ ಶಾಲೆಗೆ ಸೇರಿಸುವ ಮೊದಲು ನಾನು ಓದಿದ್ದೇ ಓದಿದ್ದು. 1907ರಲ್ಲಿ ರೋಮ್‌ನ ಬಡವರ ಕೇರಿಯಲ್ಲಿ ಡಾಕ್ಟರ್ ಮರಿಯಾ ಮಾಂಟೆಸ್ಸರಿ ಮೊದಲ 'ಮಕ್ಕಳ ಮನೆ' ತೆರೆದರು, 1939ರಲ್ಲಿ ಮದ್ರಾಸಿಗೇ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು ಅಂತ ನೆಂಟರಿಗೆಲ್ಲ ಹೇಳುತ್ತಿದ್ದೆ. ಮೂರರಿಂದ ಆರು ವರ್ಷದವರೆಲ್ಲ ಒಂದೇ ಕೋಣೆಯಲ್ಲಿ ಯಾಕೆ ಅನ್ನೋದೂ ಗೊತ್ತಿತ್ತು. ಮೊದಲ ವರ್ಷ ದೊಡ್ಡವರನ್ನು ನೋಡಿ ಕಲಿತ ಮಗು ಮೂರನೇ ವರ್ಷ ತಾನೇ ಚಿಕ್ಕವರಿಗೆ ತೋರಿಸಿಕೊಡುತ್ತದೆ. ತೋರಿಸುವಾಗ ಕಲಿತದ್ದು ಗಟ್ಟಿಯಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಿನ್ನ ಮೂರನೇ ವರ್ಷವನ್ನೇ ಕಿತ್ತುಕೊಂಡೆ. ಪಕ್ಕದ ಮನೆಯ ಮಗು ಪುಟಗಟ್ಟಲೆ ಕಾಪಿ ಬರೆಯುತ್ತಿತ್ತು. ನಿನ್ನ ಬ್ಯಾಗಿನಲ್ಲಿ ಒಂದು ನೋಟ್‌ಬುಕ್ಕೂ ಇರುತ್ತಿರಲಿಲ್ಲ. "ಇವತ್ತು ಏನು ಮಾಡಿದೆ?" ಅಂತ ಕೇಳಿದರೆ "ಕೆಲಸ" ಅನ್ನುತ್ತಿದ್ದೆ, ಅಷ್ಟೇ. ಒಂದನೇ ಕ್ಲಾಸಿಗೆ ಸೀಟು ಸಿಗದಿದ್ದರೆ ಅನ್ನೋ ಭಯ ಹೊಕ್ಕಿತು. ನಿನ್ನ ಟೀಚರ್ "ಇನ್ನು ಏಳೆಂಟು ತಿಂಗಳು ತಾಳಿ" ಅಂದರು. ತಾಳಲಿಲ್ಲ.

ಇನ್ನು 360 ಮಣಿ ಉಳಿದಿತ್ತು. ಅಲ್ಲಿ ಬೆಳಗ್ಗೆ ಹೊತ್ತು ಮೂರು ಗಂಟೆಗಳ ಕಾಲ ಬೆಲ್ಲೇ ಹೊಡೆಯುತ್ತಿರಲಿಲ್ಲ, ಹಾಗಾಗಿ ಒಂದು ಬೆಳಗ್ಗೆ ಸಾಕಿತ್ತು. ಒಂದು ದಿನ ತಡವಾಗಿ ಟಿಸಿ ತಂದಿದ್ದರೆ ಏನು ಹೋಗುತ್ತಿತ್ತು? ಇಷ್ಟು ವರ್ಷವಾದರೂ ಇದನ್ನೇ ಕೇಳಿಕೊಳ್ಳುತ್ತೇನೆ. ಆ ಹೆಸರಿನ ಚೀಟಿ ಎಷ್ಟು ದಿನ ಅಲ್ಲೇ ಇತ್ತೋ. ಸರವನ್ನು ಯಾರು ಎತ್ತಿಟ್ಟರೋ.

ಪಾಪುವಿಗೆ ಯಾವ ಶಾಲೆ ಅನ್ನೋದು ನಿನ್ನ ತೀರ್ಮಾನ, ನಾನು ಬಾಯಿ ಹಾಕುವುದಿಲ್ಲ. ಆದರೂ ನೋಡೋಕೆ ಹೋದರೆ ಬೋರ್ಡ್ ನಂಬಬೇಡ. ಮಾಂಟೆಸ್ಸರಿ ಅನ್ನೋ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅರ್ಧ ದಿನ ಸುಮ್ನೆ ಕೂತು ನೋಡಲು ಬಿಡುತ್ತಾರಾ ಕೇಳು. ಕಪಾಟು ಮಗುವಿನ ಕೈಗೆಟುಕುತ್ತದಾ? ಸಾಮಾನಿನ ಅಂಚು ಸವೆದಿದೆಯಾ, ಇಲ್ಲಾ ಬಂದವರಿಗೆ ತೋರಿಸಲು ಹೊಸದಾಗೇ ಇದೆಯಾ? ಮರಳು ಕಾಗದದ ಅಕ್ಷರದ ಮೇಲೆ ಮಗು ತಾನೇ ಬೆರಳಾಡಿಸುತ್ತದಾ? ನೀರು ಚೆಲ್ಲಿದಾಗ ಯಾರು ಒರೆಸುತ್ತಾರೆ ಅಂತ ನೋಡಲೇಬೇಕು. ಆರು ವರ್ಷದ ಮೇಲೆ ಮುಂದೇನು ಅಂತ ಈಗಲೇ ಕೇಳು. ನಾನು ಕೇಳಿರಲಿಲ್ಲ. ಸೇರಿಸಿದರೆ ಮೂರು ವರ್ಷವೂ ಇರಿಸು. ಅಷ್ಟು ಧೈರ್ಯ ಬರದಿದ್ದರೆ ಸೇರಿಸಬೇಡ. ಮಾಮೂಲಿ ಶಾಲೆಯಲ್ಲೂ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ನಡುವೆ ಕಿತ್ತು ನೆಡುವುದೇ ಕಷ್ಟ.

ಹೋದ ಸಲ ಬಂದಾಗ ಪಾಪು ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದಳು. ನನ್ನ ಕೈ ತಾನಾಗೇ ಮುಂದೆ ಹೋಯಿತು. ನೀನು ಮೆಲ್ಲಗೆ ಹಿಡಿದುಕೊಂಡೆ. ಅವಳು ಒಂದು ಕಾಜ ತಪ್ಪಿ ಹಾಕಿಕೊಂಡು ಬಂದಳು. ಕೊನೆಗೆ ಒಂದು ಗುಂಡಿ ಉಳಿಯಿತು. ಅದನ್ನೇ ನೋಡಿದಳು, ಎಲ್ಲ ಬಿಚ್ಚಿದಳು, ಮೊದಲಿಂದ ಶುರು ಮಾಡಿದಳು. ಅಷ್ಟು ಹೊತ್ತೂ ನೀನು ಉಸಿರೆತ್ತದೆ ಕೂತಿದ್ದೆ. ಆ ತಾಳ್ಮೆಯನ್ನು ನಾನು ನಿನಗೆ ಕಲಿಸಿಲ್ಲ. ನೋಡಿ ನನಗೆ ಎಷ್ಟು ಹೆಮ್ಮೆಯಾಯಿತು ಅಂತ ಅವತ್ತೇ ಹೇಳಬೇಕಿತ್ತು.

ತಪ್ಪು ನನ್ನದು ಪುಟ್ಟಿ. ಶಾಲೆಯ ಮೇಲೆ ಸಿಟ್ಟು ಬೇಡ. 640 ಅಂತ ಬರೆದಿದ್ದೇನೆ, ನನಗೆ ಹಾಗೇ ನೆನಪು. ತಪ್ಪಿದ್ದರೆ ಹೇಳು.

ನಿನ್ನ
ಅಮ್ಮ